ಗಾಣಕ್ಕೆ ಮೊದಲು



ಮಳೆಗಾಲದ ಭತ್ತ ಕೊಯ್ದಾದ ಮೇಲೆ ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲೂಕುಗಳ ಕಡಲಬದಿಯ ಮರಳುಗದ್ದೆಗಳಲ್ಲಿ ನೆಲಗಡಲೆ ಬಿತ್ತುತ್ತಾರೆ. ಅದೇ ಗದ್ದೆಯ ಅಂಚಿನಲ್ಲಿ, ಮನೆಯ ಹಿತ್ತಲಲ್ಲಿ ತೆಂಗು ಇರುತ್ತದೆ. ಮೂಡಣ ದಿಕ್ಕಿಗೆ, ಅಮಾಸೆಬೈಲು, ಕೊಲ್ಲೂರಿನ ಕಡೆಗೆ ಹೋದರೆ ಘಟ್ಟದ ಬುಡದ ಕಾಡಿನಲ್ಲಿ ಮುರುಗಲು ಸಿಗುತ್ತದೆ. ಪುನರ್ಪುಳಿ ಎಂದರೂ ಅದೇ. ಅದರ ದಾಯಾದಿ ಉಪ್ಪಾಗೆಯೂ ಅಲ್ಲೇ ಇದೆ. ಇವೆಲ್ಲದರ ಬೀಜದಲ್ಲೂ ಎಣ್ಣೆ ಇದೆ. ಆದರೆ ಎಣ್ಣೆಗಳು ಒಂದರಂತೆ ಒಂದಿಲ್ಲ. ನೆಲಗಡಲೆ ಎಣ್ಣೆ ನಮ್ಮೂರಿನ ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ. ತೆಂಗಿನ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟಲಿಯನ್ನು ಬಿಸಿಲಿಗಿಡುವ ಅಭ್ಯಾಸ ಎಲ್ಲರ ಮನೆಯಲ್ಲೂ ಇದೆ. ಮುರುಗಲು ಬೀಜದ ತುಪ್ಪವಂತೂ ಏಪ್ರಿಲ್ ಸೆಕೆಯಲ್ಲೂ ಉಂಡೆಯಾಗಿಯೇ ಉಳಿಯುತ್ತದೆ. ಅದು ಕರಗಲು 40 ಡಿಗ್ರಿಯ ಆಸುಪಾಸಿನ ಬಿಸಿ ಬೇಕು.

ಒಂದೇ ಮಳೆ, ಒಂದೇ ಬಿಸಿಲು. ಮೂರೂ ಕಡೆ ಎಲೆಯಲ್ಲಿ ತಯಾರಾಗುವುದು ಒಂದೇ ಸಕ್ಕರೆ. ಹಾಗಿದ್ದೂ ಮೂರು ಬಗೆಯ ಎಣ್ಣೆ ಹೇಗಾಯಿತು? ಉತ್ತರ ಬೀಜದೊಳಗಿನ ಕಿಣ್ವಗಳಲ್ಲಿ ಇದೆ, ಆ ಕಿಣ್ವಗಳನ್ನು ಬೇಕಾದ ಹೊತ್ತಿಗೆ ತಯಾರಿಸುವ ಜೀನುಗಳಲ್ಲಿ ಇದೆ. ಗಾಣದವರು ಹಿಂಡಿ ತೆಗೆಯುವ ಎಣ್ಣೆ ಅದಕ್ಕೂ ಎಷ್ಟೋ ಮೊದಲು, ಕೆಲವೇ ವಾರಗಳ ಇಲ್ಲವೇ ತಿಂಗಳುಗಳ ಅವಧಿಯಲ್ಲಿ, ಬೀಜದಲ್ಲಿ ಕಟ್ಟಿಕೊಂಡಿರುತ್ತದೆ. ಆ ಅವಧಿಯನ್ನು ನಾವು ಅರಿತುಕೊಂಡರೆ ಬೆಳೆಗಾರನಿಗೂ ಲಾಭ, ಊರಿನ ಕಾಡಿಗೂ ಲಾಭ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ.

ಬೀಜಕ್ಕೆ ಎಣ್ಣೆ ಏಕೆ ಬೇಕು ಎಂಬುದನ್ನು ಮೊದಲು ನೋಡೋಣ. ಮೊಳಕೆಯೊಡೆದ ಸಸಿ ಹಸಿರೆಲೆ ಬಿಚ್ಚಿ ತನ್ನ ಊಟ ತಾನೇ ಮಾಡಿಕೊಳ್ಳುವವರೆಗೆ ಅದಕ್ಕೆ ತಾಯಿ ಗಿಡ ಕಟ್ಟಿಕೊಟ್ಟ ಬುತ್ತಿಯೇ ಗತಿ. ಭತ್ತ ಆ ಬುತ್ತಿಯನ್ನು ಪಿಷ್ಟವಾಗಿ ಕಟ್ಟುತ್ತದೆ. ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4 ಕಿಲೋಕ್ಯಾಲರಿ ಶಕ್ತಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9 ಇರುತ್ತದೆ. ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿ ಹಿಡಿಸಬೇಕೆಂದರೆ ಎಣ್ಣೆಯೇ ಸರಿ. ಕಡಲಿನಲ್ಲಿ ತಿಂಗಳುಗಟ್ಟಲೆ ತೇಲಿ ದೂರದ ದಡದಲ್ಲಿ ಮೊಳೆಯುವ ತೆಂಗಿನಕಾಯಿಗೆ ಅದು ಒಗ್ಗಿದೆ. ಕಾಡಿನ ದಟ್ಟ ನೆರಳಿನಲ್ಲಿ ನಿಧಾನವಾಗಿ ಏಳಬೇಕಾದ ಮುರುಗಲು ಸಸಿಗೂ ಒಗ್ಗಿದೆ.

ಈಗ ಎಣ್ಣೆ ಕಟ್ಟುವ ಕೆಲಸಕ್ಕೆ ಬರೋಣ. ಎಲೆಯಲ್ಲಿ ತಯಾರಾದ ಸಕ್ಕರೆ ನಾಳಗಳ ಮೂಲಕ ಬೆಳೆಯುತ್ತಿರುವ ಬೀಜಕ್ಕೆ ಇಳಿಯುತ್ತದೆ. ಅಲ್ಲಿ ಅದು ಹಂತಹಂತವಾಗಿ ಒಡೆದು ಎರಡು ಇಂಗಾಲದ ತುಣುಕಾಗುತ್ತದೆ. ಅಸಿಟೈಲ್ ಕೋಎ ಎಂಬುದು ಅದರ ಹೆಸರು. ಬೀಜದ ಜೀವಕೋಶದೊಳಗೆ ಪ್ಲಾಸ್ಟಿಡ್ ಎಂಬ ಸಣ್ಣ ಕೋಣೆಗಳಿವೆ. ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಈ ಕೋಣೆಯಲ್ಲಿ ತುಣುಕನ್ನು ಜೋಡಣೆಗೆ ಅಣಿಗೊಳಿಸುತ್ತದೆ. ಸಕ್ಕರೆ ಎಣ್ಣೆಯ ದಾರಿ ಹಿಡಿಯುವುದು ಇಲ್ಲಿಂದ. ಮುಂದೆ ಬೇರೆ ಕಿಣ್ವಗಳ ಒಂದು ತಂಡ ಸುತ್ತಿಗೆ ಎರಡೆರಡು ಇಂಗಾಲ ಸೇರಿಸುತ್ತ ಹೋಗುತ್ತದೆ. ನಾಲ್ಕು, ಆರು, ಎಂಟು, ಹತ್ತು, ಹೀಗೆ ಸರಪಳಿ ಉದ್ದವಾಗುತ್ತದೆ. ಇದೇ ಕೊಬ್ಬಿನಾಮ್ಲ. ಹೆಚ್ಚಿನ ಗಿಡಗಳಲ್ಲಿ ಸರಪಳಿ 16 ಅಥವಾ 18 ಇಂಗಾಲ ತಲುಪಿದಾಗ ನಿಲ್ಲುತ್ತದೆ.

ಈ ಸರಪಳಿ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವುದು ಥಯೋಎಸ್ಟರೇಸ್ ಎಂಬ ಕಿಣ್ವ. ಬೆಳೆಯುತ್ತಿರುವ ಸರಪಳಿಯನ್ನು ಅದು ಒಂದು ಉದ್ದಕ್ಕೆ ಬಿಡಿಸಿಬಿಡುತ್ತದೆ. ತೆಂಗಿನ ತಿರುಳಿನಲ್ಲಿರುವ ಥಯೋಎಸ್ಟರೇಸ್ ಅವಸರದ್ದು. 12 ಇಂಗಾಲವಾಗುತ್ತಿದ್ದಂತೆ ಬಹುಪಾಲು ಸರಪಳಿಗಳನ್ನು ಅದು ಬಿಡಿಸುತ್ತದೆ. ಹೀಗೆ ಸಿಕ್ಕಿದ್ದು ಲಾರಿಕ್ ಆಮ್ಲ. ತೆಂಗಿನೆಣ್ಣೆಯ ಕೊಬ್ಬಿನಾಮ್ಲದಲ್ಲಿ ಸುಮಾರು ಅರ್ಧ ಭಾಗ ಇದೇ. ಸಾಬೂನಿಗೆ ತೆಂಗಿನೆಣ್ಣೆ ಹಾಕಿದರೆ ಚೆನ್ನಾಗಿ ನೊರೆ ಬರುವುದೂ ಇದರ ಗುಣದಿಂದಲೇ.

ನೆಲಗಡಲೆಯಲ್ಲಿ ಸರಪಳಿ 18ರವರೆಗೆ ಬೆಳೆಯುತ್ತದೆ. ಆ 18 ಇಂಗಾಲದ ನೇರ ಸರಪಳಿಯ ಹೆಸರು ಸ್ಟಿಯರಿಕ್ ಆಮ್ಲ. ಅದು ಗಟ್ಟಿ ಕೊಬ್ಬು. ಆದರೆ ನೆಲಗಡಲೆ ಅಲ್ಲಿಗೆ ಬಿಡುವುದಿಲ್ಲ. ಡಿಸ್ಯಾಚುರೇಸ್ ಎಂಬ ಕಿಣ್ವ ಸರಪಳಿಯ ನಡುವೆ ಒಂದು ದ್ವಿಬಂಧ ಮೂಡಿಸಿ ಅದನ್ನು ಬಾಗಿಸುತ್ತದೆ. ಬಾಗಿದ ಸರಪಳಿಗಳು ಒಂದಕ್ಕೊಂದು ಒತ್ತಾಗಿ ಕೂರಲಾರವು, ಆದ್ದರಿಂದ ಎಣ್ಣೆ ದ್ರವವಾಗಿಯೇ ಇರುತ್ತದೆ. ಇದು ಓಲಿಕ್ ಆಮ್ಲ. ಪ್ಲಾಸ್ಟಿಡ್‌ನಿಂದ ಹೊರಬಿದ್ದ ಮೇಲೆ ಫ್ಯಾಡ್-2 ಎಂಬ ಇನ್ನೊಂದು ಡಿಸ್ಯಾಚುರೇಸ್ ಅದಕ್ಕೆ ಎರಡನೇ ದ್ವಿಬಂಧ ಕೊಟ್ಟು ಲಿನೋಲಿಕ್ ಆಮ್ಲವಾಗಿಸುತ್ತದೆ. ಸಾಮಾನ್ಯ ನೆಲಗಡಲೆ ಎಣ್ಣೆಯಲ್ಲಿ ಈ ಎರಡು ಆಮ್ಲಗಳೇ ಹೆಚ್ಚಿನ ಪಾಲು.

ಮುರುಗಲು ಬೀಜದಲ್ಲೂ ಸರಪಳಿ 18ಕ್ಕೆ ಹೋಗುತ್ತದೆ, ಆದರೆ ಅರ್ಧಕ್ಕಿಂತ ಹೆಚ್ಚು ಸರಪಳಿಗಳು ದ್ವಿಬಂಧ ಬೀಳುವ ಮೊದಲೇ, ಸ್ಟಿಯರಿಕ್ ಆಗಿರುವಾಗಲೇ, ಬಿಡುಗಡೆಯಾಗುತ್ತವೆ. ಉಳಿದದ್ದರಲ್ಲಿ ಬಹುಪಾಲು ಓಲಿಕ್. ಕೊಬ್ಬಿನ ಒಂದೊಂದು ಅಣುವಿನಲ್ಲೂ ಮೂರು ಕೊಬ್ಬಿನಾಮ್ಲಗಳಿರುತ್ತವೆ; ಎರಡು ಬದಿಗೆ ಸ್ಟಿಯರಿಕ್, ನಡುವೆ ಓಲಿಕ್ ಕುಳಿತ ಒಂದೇ ಬಗೆಯ ಕೊಬ್ಬು ಅದರಲ್ಲಿ ತುಂಬಿಕೊಂಡಿರುವುದರಿಂದ ಮುರುಗಲು ತುಪ್ಪ ಅಷ್ಟು ಗಟ್ಟಿ. ಕಾಲಿನ ಹಿಮ್ಮಡಿ ಒಡೆದರೆ ನಮ್ಮ ಹಿರಿಯರು ಹಚ್ಚುತ್ತಿದ್ದ ಮದ್ದು ಅದು. ಇಂದು ಚಾಕೊಲೇಟ್ ಮತ್ತು ಸೌಂದರ್ಯ ಸಾಧನಗಳ ತಯಾರಕರು ಅದೇ ತುಪ್ಪಕ್ಕೆ ಒಳ್ಳೆಯ ಬೆಲೆ ಕೊಡುತ್ತಾರೆ.

ಹೀಗೆ ಸರಪಳಿ ಕಟ್ಟುವ ಕೆಲಸ ಮೂರೂ ಬೀಜಗಳಲ್ಲಿ ಒಂದೇ ರೀತಿ. ಒಂದು ಕಿಣ್ವ 12ಕ್ಕೆ ನಿಲ್ಲಿಸಿತು, ಒಂದು 18ಕ್ಕೆ. ಒಂದು ದ್ವಿಬಂಧ ಹಾಕಿತು, ಒಂದು ಹಾಕದೆ ಬಿಟ್ಟಿತು. ಇಷ್ಟರಲ್ಲೇ ತೆಂಗು, ನೆಲಗಡಲೆ, ಮುರುಗಲುಗಳ ದಾರಿ ಬೇರೆಯಾಯಿತು. ಬೇಲಿಬದಿಯ ಹರಳು ಗಿಡದ ಕತೆಯಂತೂ ಇನ್ನೂ ಸೋಜಿಗದ್ದು. ಹರಳೆಣ್ಣೆಯಲ್ಲಿ ಸುಮಾರು ಶೇ. 90ರಷ್ಟು ಇರುವುದು ರಿಸಿನೋಲಿಕ್ ಎಂಬ ಬೇರೆಯೇ ಆಮ್ಲ. ಅದನ್ನು ತಯಾರಿಸುವ ಕಿಣ್ವ ಫ್ಯಾಡ್-2ಕ್ಕೆ ಹತ್ತಿರದ ನೆಂಟ. ಫ್ಯಾಡ್-2 ಬಗೆಯ ಕಿಣ್ವದಲ್ಲಿ ನಾಲ್ಕೇ ನಾಲ್ಕು ಅಮೈನೋ ಆಮ್ಲ ಬದಲಾಯಿಸಿದರೂ ಅದು ಹರಳಿನ ಕಿಣ್ವದ ಕೆಲಸ ಮಾಡತೊಡಗುತ್ತದೆ ಎಂದು 1998ರಲ್ಲಿ ವಿಜ್ಞಾನಿಗಳು ತೋರಿಸಿದರು.

ಕೊಬ್ಬಿನಾಮ್ಲ ತಯಾರಾದ ಮಾತ್ರಕ್ಕೆ ಎಣ್ಣೆಯಾಗಲಿಲ್ಲ. ಮೂರು ಕೊಬ್ಬಿನಾಮ್ಲಗಳು ಗ್ಲಿಸರಾಲ್ ಎಂಬ ಒಂದು ಅಣುವಿಗೆ ಸೇರಬೇಕು. ಮೊದಲನೆಯದನ್ನು ಒಂದು ಕಿಣ್ವ, ನಡುವಿನದನ್ನು ಇನ್ನೊಂದು, ಕೊನೆಯದನ್ನು ಮತ್ತೊಂದು ಸೇರಿಸುತ್ತದೆ. ಕೊನೆಯ ಜೋಡಣೆ ಮಾಡುವ ಕಿಣ್ವಕ್ಕೆ ಚಿಕ್ಕದಾಗಿ ಡಿಗ್ಯಾಟ್ ಎನ್ನುತ್ತಾರೆ. ಈ ಜೋಡಣೆಯೆಲ್ಲ ಜೀವಕೋಶದ ಒಳಪೊರೆಗಳ ಮೇಲೆ ಮಾತ್ರ ನಡೆಯುತ್ತದೆ ಎಂಬುದು ಬಹುಕಾಲದ ತಿಳಿವಳಿಕೆಯಾಗಿತ್ತು. ಅದನ್ನು ವಿಸ್ತರಿಸಿದ್ದು ನಮ್ಮ ರಾಜ್ಯದ ಪ್ರಯೋಗಾಲಯ ಎಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ರಾಮ್ ರಾಜಶೇಖರನ್ ಮತ್ತು ಅವರ ವಿದ್ಯಾರ್ಥಿಗಳು ಇನ್ನೂ ಬಲಿಯದ ನೆಲಗಡಲೆ ಬೀಜವನ್ನೇ ಹಿಡಿದು ಸಂಶೋಧನೆ ಮಾಡಿದರು. ಪೊರೆಗೆ ಅಂಟಿಕೊಳ್ಳದೆ ಜೀವಕೋಶದ ರಸದಲ್ಲೇ ಕರಗಿರುವ ಒಂದು ಡಿಗ್ಯಾಟ್ ಅದರಲ್ಲಿದೆ ಎಂದು 2006ರಲ್ಲಿ ಪ್ರಕಟಿಸಿದರು, ಅದರ ಜೀನನ್ನೂ ಬೇರ್ಪಡಿಸಿದರು. ಎಣ್ಣೆಯ ಹನಿಗಳು ಒಂದಕ್ಕೊಂದು ಸೇರದಂತೆ ಅವನ್ನು ಸುತ್ತುವರಿದಿರುವ ಓಲಿಯೋಸಿನ್ ಎಂಬ ಪ್ರೋಟೀನ್ ಸ್ವತಃ ಕಿಣ್ವದ ಕೆಲಸವನ್ನೂ ಮಾಡಬಲ್ಲದು ಎಂದು 2012ರಲ್ಲಿ ತೋರಿಸಿದ್ದೂ ಇದೇ ತಂಡ. ರಾಜಶೇಖರನ್ ಅವರು ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ನಿರ್ದೇಶಕರಾಗಿದ್ದರು. ನಮ್ಮ ಗದ್ದೆಯಲ್ಲಿ ದಿನವೂ ಕಾಣುವ ಬೆಳೆಯೊಂದು ಜಗತ್ತಿನ ಪಠ್ಯಕ್ಕೆ ಹೊಸ ಪುಟ ಸೇರಿಸಿತು.

ಇನ್ನು ಜೀನುಗಳ ಮಾತು. ನೆಲಗಡಲೆ ಗಿಡದ ಬೇರು, ಎಲೆ, ಹೂವು, ಬೀಜ, ಎಲ್ಲದರ ಜೀವಕೋಶದಲ್ಲೂ ಇರುವುದು ಅದೇ ಜೀನುಗಳು. ಎಣ್ಣೆ ಕಟ್ಟುವ ಜೀನು ಎಲೆಯಲ್ಲೂ ಇದೆ. ಆದರೆ ಎಲೆಯನ್ನು ಗಾಣಕ್ಕೆ ಹಾಕಿದರೆ ಎಣ್ಣೆ ಬರುವುದಿಲ್ಲ. ನಮ್ಮ ಯಕ್ಷಗಾನವನ್ನು ನೆನೆಯಿರಿ. ಪ್ರಸಂಗದ ಪಾತ್ರಗಳೆಲ್ಲ ಚೌಕಿಯಲ್ಲಿ ಇರುತ್ತವೆ. ಯಾರು ಯಾವಾಗ ರಂಗಕ್ಕೆ ಬರಬೇಕೆಂಬುದು ಭಾಗವತರ ಪದ್ಯದ ಮೇಲೆ ನಿಂತಿದೆ. ಜೀನುಗಳಿಗೂ ಅಂತಹ ಕರೆ ಬೇಕು. ಕರೆ ಬಂದಾಗ ಜೀನಿನ ಪ್ರತಿ ತಯಾರಾಗುತ್ತದೆ, ಆ ಪ್ರತಿಯನ್ನು ಓದಿ ಜೀವಕೋಶ ಕಿಣ್ವವನ್ನು ಕಟ್ಟುತ್ತದೆ. ಇದನ್ನೇ ವಿಜ್ಞಾನದಲ್ಲಿ ಜೀನಿನ ಅಭಿವ್ಯಕ್ತಿ ಎನ್ನುತ್ತಾರೆ.

ಕರೆ ಕೊಡುವವರಲ್ಲಿ ಮುಖ್ಯವಾದ ಒಂದು ಜೀನು ಸಿಕ್ಕಿದ್ದು ಸಾಸಿವೆಯ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ. ಅಂತಹ ಒಂದು ಗಿಡದ ಬೀಜ ಸುಕ್ಕುಗಟ್ಟಿತ್ತು, ಅದರಲ್ಲಿ ಎಣ್ಣೆ ಸುಮಾರು ಶೇ. 80ರಷ್ಟು ಕಡಿಮೆಯಾಗಿತ್ತು. ಕ್ರಿಸ್ಟೋಫ್ ಬೆನ್ನಿಂಗ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ವರದಿ ಮಾಡಿದರು. ಕೆಟ್ಟ ಜೀನು ಯಾವುದೆಂದು 2004ರಲ್ಲಿ ಗುರುತಿಸಿದರು. ಸುಕ್ಕಿನ ಕಾರಣಕ್ಕೆ ಅದಕ್ಕೆ ರಿಂಕಲ್ಡ್-1 ಎಂಬ ಹೆಸರು ಬಂತು. ಈ ಜೀನು ತಾನಾಗಿ ಎಣ್ಣೆ ಕಟ್ಟುವುದಿಲ್ಲ. ಸಕ್ಕರೆಯನ್ನು ಒಡೆಯುವ ಮತ್ತು ಕೊಬ್ಬಿನಾಮ್ಲ ಕಟ್ಟುವ ಹತ್ತಾರು ಜೀನುಗಳನ್ನು ಒಟ್ಟಿಗೆ ಎಚ್ಚರಿಸುತ್ತದೆ. ತಾಳೆಯ ಕುಟುಂಬದಲ್ಲೇ ಇದಕ್ಕೆ ದೊಡ್ಡ ಪುರಾವೆ ಸಿಕ್ಕಿತು. ಖರ್ಜೂರ ಮತ್ತು ಎಣ್ಣೆತಾಳೆ ಹತ್ತಿರದ ಸಂಬಂಧಿಗಳು. ಖರ್ಜೂರದ ಹಣ್ಣಿನ ತಿರುಳಿನಲ್ಲಿ ಸಕ್ಕರೆ ತುಂಬುತ್ತದೆ, ಎಣ್ಣೆತಾಳೆಯ ತಿರುಳಿನಲ್ಲಿ ಎಣ್ಣೆ. ಎರಡನ್ನೂ 2011ರಲ್ಲಿ ಹೋಲಿಸಿ ನೋಡಿದಾಗ ಎಣ್ಣೆತಾಳೆಯಲ್ಲಿ ರಿಂಕಲ್ಡ್-1ರ ಅಭಿವ್ಯಕ್ತಿ ಹತ್ತಾರು ಪಟ್ಟು ಹೆಚ್ಚಿತ್ತು.

ಈ ಕರೆ ಬೀಜದಲ್ಲಿ ಬರುವುದು ಒಂದು ಗೊತ್ತಾದ ಅವಧಿಯಲ್ಲಿ ಮಾತ್ರ. ನೆಲಗಡಲೆಯ ಹೂವು ಮೇಲೆ ಅರಳುತ್ತದೆ, ಅದರ ಕಡ್ಡಿ ನೆಲಕ್ಕಿಳಿಯುತ್ತದೆ, ಮಣ್ಣಿನೊಳಗೆ ಮೊದಲು ಸಿಪ್ಪೆ ಹಿಗ್ಗುತ್ತದೆ. ಬೀಜ ತುಂಬುವುದು, ಎಣ್ಣೆ ಏರುವುದು ಆಮೇಲಿನ ಕೆಲವು ವಾರಗಳಲ್ಲಿ. ಬಲಿತ ಬೀಜದ ಸುಮಾರು ಅರ್ಧ ತೂಕ ಎಣ್ಣೆಯೇ. ತೆಂಗಿನಲ್ಲಿ ಹೊಂಬಾಳೆ ಬಿಚ್ಚಿದ ಆರೇಳು ತಿಂಗಳಿಗೆ ಎಳೆಯ ಗಂಜಿ ಮೂಡುತ್ತದೆ. ಎಣ್ಣೆ ಕಟ್ಟುವ ಕೆಲಸ ಕಾಯಿ ಬಲಿಯುವ ಹನ್ನೊಂದು, ಹನ್ನೆರಡನೇ ತಿಂಗಳವರೆಗೆ ನಡೆಯುತ್ತದೆ. ಅವಧಿ ಮುಗಿದು ಬೀಜ ಒಣಗತೊಡಗಿದಾಗ ಕರೆ ನಿಲ್ಲುತ್ತದೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಆ ಬೀಜದಲ್ಲಿ ಇನ್ನೊಂದು ಹನಿ ಎಣ್ಣೆ ಹೆಚ್ಚುವುದಿಲ್ಲ.

ರೈತ ಬಾಂಧವರಿಗೆ ಇಲ್ಲಿಂದ ಕೆಲವು ನೇರ ಪಾಠಗಳಿವೆ. ನಮ್ಮ ಕರಾವಳಿಯ ಭಾರಿ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಬಿಡುತ್ತದೆ, ಮಣ್ಣು ಹುಳಿ. ನೆಲಗಡಲೆಯ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನಿಂದ ಪಡೆಯದೆ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರಿಕೊಳ್ಳುತ್ತದೆ. ಅದು ಸಿಗದಿದ್ದರೆ ಸಿಪ್ಪೆ ದೊಡ್ಡದಾದರೂ ಒಳಗೆ ಜೊಳ್ಳು. ಹೂ ಬಿಟ್ಟು ಕಡ್ಡಿ ಇಳಿಯುವ ಹೊತ್ತಿಗೆ ಎಕರೆಗೆ ಸುಮಾರು 200 ಕಿಲೋ ಜಿಪ್ಸಮ್ ಹಾಕಿ ಮಣ್ಣೇರಿಸಿ ಎಂದು ಕೃಷಿ ತಜ್ಞರು ಹೇಳುವುದು ಈ ಕಾರಣಕ್ಕೆ. ಜಿಪ್ಸಮ್‌ನಲ್ಲಿ ಗಂಧಕವೂ ಇದೆ; ಎಣ್ಣೆಬೀಜದ ಬೆಳೆಗಳಿಗೆ ಅದು ಬೇಕೇ ಬೇಕು. ಬೀಜ ತುಂಬುವ ವಾರಗಳಲ್ಲಿ ನೀರಿಗೆ ಬರ ಬಂದರೆ, ಎಲೆಗೆ ತುಕ್ಕುರೋಗವೋ ಟಿಕ್ಕಾ ರೋಗವೋ ಬಂದರೆ, ಸಕ್ಕರೆ ಇಳಿಯುವುದು ಕಡಿಮೆಯಾಗುತ್ತದೆ. ಕಿಣ್ವಗಳು ಕಾದು ಕುಳಿತರೂ ಕಟ್ಟಲು ಸರಕು ಇರುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4ರಂತಹ, ಈ ಎರಡೂ ರೋಗಗಳನ್ನು ತಡೆದುಕೊಳ್ಳುವ ತಳಿಯ ಬೆಲೆ ಇಲ್ಲಿ ತಿಳಿಯುತ್ತದೆ.

ಕೀಳುವ ಸಮಯವೂ ಅಷ್ಟೇ ಮುಖ್ಯ. ಒಂದೆರಡು ಗಿಡ ಕಿತ್ತು ಕಾಯಿ ಒಡೆದು ನೋಡಿ. ಸಿಪ್ಪೆಯ ಒಳಮೈ ಬಿಳಿಯಾಗಿದ್ದರೆ ಎಣ್ಣೆಯ ಕೆಲಸ ಇನ್ನೂ ಮುಗಿದಿಲ್ಲ. ಕಂದು ಬಣ್ಣಕ್ಕೆ, ಕಪ್ಪಿಗೆ ತಿರುಗಿದ್ದರೆ ಬೀಜ ಬಲಿತಿದೆ. ಕಿತ್ತ ಮೇಲೆ ಚೆನ್ನಾಗಿ ಒಣಗಿಸಬೇಕು. ಎಣ್ಣೆ ಕಟ್ಟುವ ಕಿಣ್ವಗಳಿರುವಂತೆ ಒಡೆಯುವ ಕಿಣ್ವಗಳೂ ಇವೆ. ಅವುಗಳ ಹೆಸರು ಲೈಪೇಸ್. ಮೊಳಕೆಯ ಹೊತ್ತಿಗೆ ಸಸಿಗೆ ಊಟ ಬಿಚ್ಚಿಕೊಡಲು ಅವು ಬೇಕು. ಮೊಳಕೆಯೊಡೆದ ತೆಂಗಿನಕಾಯಿಯೊಳಗೆ ಮಕ್ಕಳು ಆಸೆಯಿಂದ ತಿನ್ನುವ ಬಿಳಿಯ ಸಿಹಿ ಹೂವು ಇದೆಯಲ್ಲ, ತಿರುಳಿನ ಎಣ್ಣೆಯನ್ನು ಕರಗಿಸಿ ಸಸಿಗೆ ಸಾಗಿಸುವ ಅಂಗ ಅದು. ಆದರೆ ಸರಿಯಾಗಿ ಒಣಗದ ಕೊಬ್ಬರಿಯಲ್ಲಿ ಬೂಷ್ಟು ಹಿಡಿದರೆ ಅದರ ಲೈಪೇಸ್ ಎಣ್ಣೆಯನ್ನು ಒಡೆಯುತ್ತದೆ, ಎಣ್ಣೆ ಕಮಟಾಗುತ್ತದೆ. ಕೊಬ್ಬರಿಯ ತೇವಾಂಶ ಶೇ. 6ಕ್ಕೆ ಇಳಿಯಬೇಕು. ನೆಲಗಡಲೆ ಒದ್ದೆಯಾಗಿ ಉಳಿದರಂತೂ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುವ ಬೂಷ್ಟು ಬರುತ್ತದೆ. ಅದು ಯಕೃತ್ತಿಗೆ ಅಪಾಯ.

ಒಂದು ಜೀನು ಸುಮ್ಮನಾದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ನೆಲಗಡಲೆಯಲ್ಲೇ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ಸಂಶೋಧಕರು ಒಂದು ವಿಶೇಷ ನೆಲಗಡಲೆಯನ್ನು ಗುರುತಿಸಿ 1987ರಲ್ಲಿ ವರದಿ ಮಾಡಿದರು. ಅದರ ಎಣ್ಣೆಯಲ್ಲಿ ಓಲಿಕ್ ಆಮ್ಲ ಶೇ. 80ರಷ್ಟಿತ್ತು. ಕಾರಣ ಹುಡುಕಿದಾಗ ಅದರ ಎರಡೂ ಫ್ಯಾಡ್-2 ಜೀನುಗಳು ಸಹಜವಾಗಿಯೇ ಕೆಟ್ಟಿದ್ದವು. ಒಂದರಲ್ಲಿ ಡಿಎನ್ಎಯ ಒಂದು ಅಕ್ಷರ ಬದಲಾಗಿತ್ತು, ಇನ್ನೊಂದರಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು. ಎರಡನೇ ದ್ವಿಬಂಧ ಬೀಳದ್ದರಿಂದ ಎಣ್ಣೆ ಬೇಗ ಕಮಟಾಗುವುದಿಲ್ಲ, ಹುರಿದ ಬೀಜ ಹೆಚ್ಚು ದಿನ ಉಳಿಯುತ್ತದೆ. ಆ ಗುಣವನ್ನು ಸಂಕರಣದ ಮೂಲಕ ನಮ್ಮ ತಳಿಗಳಿಗೆ ತಂದು ಜುನಾಗಢದ ನೆಲಗಡಲೆ ಸಂಶೋಧನಾಲಯ ಮತ್ತು ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆ ಗಿರ್ನಾರ್-4, ಗಿರ್ನಾರ್-5 ಎಂಬ ತಳಿಗಳನ್ನು ರೂಪಿಸಿವೆ. ಇವು ಕುಲಾಂತರಿ ತಳಿಗಳಲ್ಲ, ಗಿಡದಿಂದ ಗಿಡಕ್ಕೆ ಪರಾಗ ಸೇರಿಸಿ ಪಡೆದವು.

ಈಗ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ಮಾತು. ಅಮೆರಿಕದ ಒಂದು ಕಂಪನಿ ಕೆನೋಲಾ ಎಂಬ ಸಾಸಿವೆ ಜಾತಿಯ ಗಿಡದಲ್ಲಿ ತೆಂಗಿನ ಗುಣದ ಎಣ್ಣೆ ಪಡೆಯಲು ಹೊರಟಿತು. ಕ್ಯಾಲಿಫೋರ್ನಿಯಾದ ಒಂದು ಮರದ ಥಯೋಎಸ್ಟರೇಸ್ ಜೀನನ್ನು ಅದಕ್ಕೆ ಸೇರಿಸಿದಾಗ ಲಾರಿಕ್ ಆಮ್ಲವೇನೋ ಬಂತು. ಆದರೆ ಗ್ಲಿಸರಾಲ್‌ನ ನಡುವಿನ ಜಾಗದಲ್ಲಿ ಲಾರಿಕ್ ಕೂರಲು ಕೆನೋಲಾದ ಕಿಣ್ವ ಒಪ್ಪಲಿಲ್ಲ. ಕೊನೆಗೆ ಆ ಕೆಲಸದ ಜೀನನ್ನು ತೆಂಗಿನಿಂದಲೇ ತರಬೇಕಾಯಿತು. ಗಟ್ಟಿ ಕೊಬ್ಬು ಬೇಕೆಂದಾಗ ಅವರು ಮ್ಯಾಂಗೋಸ್ಟೀನ್ ಮರದ ಥಯೋಎಸ್ಟರೇಸ್ ಜೀನನ್ನು ತೆಗೆದುಕೊಂಡರು. 1998ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಕೆನೋಲಾದ ಸ್ಟಿಯರಿಕ್ ಆಮ್ಲ ಶೇ. 22ರವರೆಗೆ ಏರಿತು. ಮ್ಯಾಂಗೋಸ್ಟೀನ್ ಗಾರ್ಸಿನಿಯಾ ಕುಲದ ಮರ. ನಮ್ಮ ಮುರುಗಲು, ಉಪ್ಪಾಗೆಗಳೂ ಅದೇ ಕುಲದವು. ಪ್ರಯೋಗಾಲಯಗಳು ಪಾಡುಪಟ್ಟು ಶೇ. 22ಕ್ಕೆ ತಂದ ಸ್ಟಿಯರಿಕ್ ಆಮ್ಲ ನಮ್ಮ ಘಟ್ಟದ ಬುಡದ ಮುರುಗಲು ಬೀಜದಲ್ಲಿ ಯಾರ ಆರೈಕೆಯೂ ಇಲ್ಲದೆ ಶೇ. 50 ದಾಟುತ್ತದೆ.

ಅಂತಹ ಬೀಜವನ್ನು ನಾವು ಏನು ಮಾಡುತ್ತಿದ್ದೇವೆ? ಮುರುಗಲು ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಇಡುತ್ತೇವೆ, ರಸವನ್ನು ಪಾನಕಕ್ಕೆ ಬಳಸುತ್ತೇವೆ, ಬೀಜವನ್ನು ಎಷ್ಟೋ ಮನೆಗಳಲ್ಲಿ ಎಸೆಯುತ್ತೇವೆ. ಬೀಜ ಒಣಗಿಸಿ ಜಜ್ಜಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ತುಪ್ಪವನ್ನು ತೆಗೆದು ಉಂಡೆ ಕಟ್ಟುವ ವಿದ್ಯೆ ನಮ್ಮ ಅಜ್ಜಿಯಂದಿರ ಕೈಯಲ್ಲಿತ್ತು. ಉಪ್ಪಾಗೆ ತುಪ್ಪದಲ್ಲಿ ಅಡುಗೆ ಮಾಡಿದ ಮನೆಗಳು ಘಟ್ಟದ ಮೇಲೂ ಕೆಳಗೂ ಇದ್ದವು. ಒಂದು ಮರದ ಬೀಜದಲ್ಲಿ ಹೆಚ್ಚು ತುಪ್ಪ, ಇನ್ನೊಂದರಲ್ಲಿ ಕಡಿಮೆ ಎಂಬ ವ್ಯತ್ಯಾಸ ಕಾಡಿನ ಮರಗಳಲ್ಲಿ ಇದ್ದೇ ಇರುತ್ತದೆ. ರಸ್ತೆಗೋ ತೋಟಕ್ಕೋ ಒಂದು ಮರ ಉರುಳಿದಾಗ ಅದರ ಜೀನುಗಳೂ ಹೋಗುತ್ತವೆ. ಅದೇ ಗುಣ ಮತ್ತೆಲ್ಲಿಯೂ ಸಿಗದಿರಬಹುದು.

ಶಾಲೆಯ ಮೇಷ್ಟರುಗಳಿಗೆ, ಟೀಚರುಗಳಿಗೆ ಒಂದು ವಿನಂತಿ. ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು, ಹಿರಿಯರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನು ಕನ್ನಡದಲ್ಲಿ ಬರೆದ, ಕೋಟದ ಶಿವರಾಮ ಕಾರಂತರು ಹುಟ್ಟಿದ ನೆಲ ಇದು. ಒಂದೇ ನೆಲಗಡಲೆ ಗಿಡದಿಂದ ಎಳೆಯದು, ನಡುಪ್ರಾಯದ್ದು, ಬಲಿತದ್ದು, ಹೀಗೆ ಮೂರು ಬೀಜ ತೆಗೆದು ಒಣಗಿಸಿ, ಬಿಳಿ ಕಾಗದದ ಮೇಲೆ ಮಕ್ಕಳ ಕೈಯಿಂದಲೇ ಜಜ್ಜಿಸಿ. ಕಾಗದವನ್ನು ಬೆಳಕಿಗೆ ಹಿಡಿದರೆ ಎಣ್ಣೆಯ ಕಲೆ ಎಳೆಯದರಲ್ಲಿ ಮಸುಕು, ಬಲಿತದ್ದರಲ್ಲಿ ದಟ್ಟ. ಪಕ್ಕದಲ್ಲಿ ಎಲೆಯನ್ನೂ ಜಜ್ಜಿ ನೋಡಲಿ. ಜೀನಿನ ಅಭಿವ್ಯಕ್ತಿ ಎಂದರೇನೆಂದು ಏಳನೇ ತರಗತಿಯ ಮಗುವಿಗೂ ಆ ಕಾಗದದಲ್ಲಿ ಕಾಣುತ್ತದೆ.

ನಮ್ಮ ದೇಶ ತಾನು ಬಳಸುವ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತಿದೆ. ಅದಕ್ಕೆ ಪರಿಹಾರ ದೊಡ್ಡ ಯೋಜನೆಗಳಿಂದ ಬರಬೇಕು, ಸಣ್ಣ ಗದ್ದೆಗಳಿಂದಲೂ ಬರಬೇಕು. ನೆಲಗಡಲೆ ಬೆಳೆಯುವವರು ಬೀಜ ತುಂಬುವ ವಾರಗಳಲ್ಲಿ ನೀರು, ಜಿಪ್ಸಮ್, ಎಲೆಯ ಆರೋಗ್ಯ ಈ ಮೂರನ್ನು ಬಿಡದೆ ನೋಡಿಕೊಳ್ಳಿ. ಹೊಸ ತಳಿಯ ಬಗ್ಗೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಿ. ಮುರುಗಲು, ಉಪ್ಪಾಗೆ ಮರ ಇರುವವರು ಬೀಜ ಎಸೆಯದೆ ಒಣಗಿಸಿಡಿ, ಹೆಚ್ಚು ತುಪ್ಪ ಕೊಡುವ ಮರವನ್ನು ಗುರುತಿಸಿ ಅದರ ಸಸಿ ಮಾಡಿ ನೆರೆಮನೆಗೂ ಕೊಡಿ. ಸಂಶೋಧಕರು ಆ ಮರಗಳನ್ನು ಹುಡುಕಿಕೊಂಡು ನಮ್ಮ ಹಳ್ಳಿಗಳಿಗೆ ಬರಲಿ, ಯಾವ ಮರದ ಬೀಜದಲ್ಲಿ ಯಾವ ಕೊಬ್ಬು ಎಷ್ಟಿದೆ ಎಂದು ಅಳೆದು ಊರಿನವರಿಗೇ ತಿಳಿಸಲಿ. ಲಕ್ಷಾಂತರ ವರ್ಷಗಳಲ್ಲಿ ಕಾಡು ರೂಪಿಸಿದ ಕಿಣ್ವಗಳು ಇಲ್ಲಿನ ಬೀಜಗಳಲ್ಲಿವೆ. ಅವನ್ನು ಉಳಿಸಿಕೊಳ್ಳುವ ಹೊಣೆ ನಮ್ಮದು, ಅದಕ್ಕೆ ಬೇಕಾದ ತಿಳಿವಳಿಕೆಯೂ ಈಗ ನಮ್ಮ ಕೈಯಲ್ಲಿದೆ. ಈ ಬಾರಿಯ ಮುರುಗಲು ಹಣ್ಣಿನ ಕಾಲದಿಂದಲೇ ಆ ಕೆಲಸ ಶುರುಮಾಡೋಣ.